ಹಾರ್ನ್‌ಬಿಲ್ ಗೂಡು ತೋರಿಸೋ ದಾಂಡೇಲಿ ಹೋಮ್‌ಸ್ಟೇ: ಗೈಡ್‌ಗೆ ಐದಕ್ಕೆ ಐದು, ಓನರ್‌ಗೆ ಮೂರು

ಮೊದ್ಲೇ ಹೇಳ್ಬಿಡ್ತೀನಿ, ಹಾರ್ನ್‌ಬಿಲ್‌ದು, ಅಂದ್ರೆ ಮಂಗಟ್ಟೆ ಹಕ್ಕಿದು, ಕ್ಲೋಸಪ್ ಫೋಟೋ ಬೇಕು ಅಂತ ಹೋಗೋರು ಇಲ್ಲಿ ದುಡ್ಡು ಹಾಕ್ಬೇಡಿ. ದಾಂಡೇಲಿ ಟಿಂಬರ್ ಡಿಪೋ ಸುತ್ತಮುತ್ತ ಬೆಳಿಗ್ಗೆ ಬೇಗ ಹೋಗಿ ನಿಂತ್ಕೊಂಡ್ರೆ ಹಕ್ಕಿ ಕಾಣುತ್ತೆ, ಅಷ್ಟು ಸಾಕು ಅನ್ನೋರಿಗೆ ಅದೇ ಸಾಕು. ಈ ಹೋಮ್‌ಸ್ಟೇಲಿ ಸಿಗೋದು ಬೇರೆ ಥರದ್ದು, ನೆಸ್ಟ್ ವಾಚ್ ಅಂತ ಪ್ಯಾಕೇಜಲ್ಲಿ ಹಾಕಿದಾರೆ, ಅಂದ್ರೆ ಗೂಡಿರೋ ಮರದಿಂದ ಸುಮಾರು ದೂರದಲ್ಲಿ ಒಂದು ಮರೆ ಕಟ್ಟಿದಾರೆ, ಅದ್ರೊಳಗೆ ಬಾಯಿ ಮುಚ್ಕೊಂಡು ಕೂರ್ಬೇಕು, ಗಂಡು ಹಕ್ಕಿ ಗೂಡಿಗೆ ಬಂದಾಗೆಲ್ಲ ಟೈಮ್ ಬರ್ಕೋಬೇಕು, ಏನು ತಂತು ಅಂತ ಬರ್ಕೋಬೇಕು, ಬರ್ಲಿಲ್ಲ ಅಂದ್ರೆ ಅದನ್ನೂ ಬರ್ಕೋಬೇಕು. ರಿಸರ್ಚ್ ಮಾಡೋರ ಕೆಲಸಾನೇ ಟೂರಿಸ್ಟ್ ಕೈಲಿ ಮಾಡಿಸ್ತಾರೆ. ನಂಗಂತೂ ಸಖತ್ ಇಷ್ಟ ಆಯ್ತು. ನಮ್ ಜೊತೆ ಬಂದಿದ್ದ ಇನ್ನೊಂದು ಫ್ಯಾಮಿಲಿಗೆ ಅರ್ಧ ಗಂಟೆಗೇ ಬೋರ್ ಹೊಡೀತು, ಅವ್ರನ್ನ ಬೈಯ್ಯೋಕೂ ಆಗಲ್ಲ, ಬುಕಿಂಗ್ ಮಾಡುವಾಗ ಇದು ಏನು ಎತ್ತ ಅಂತ ಯಾರೂ ಸರಿಯಾಗಿ ಹೇಳಿರಲ್ಲ, ಅದು ನನ್ನ ಮೊದಲನೇ ಕಂಪ್ಲೇಂಟ್.

ರೂಮು ಊಟದ್ದು ಬೇಗ ಮುಗಿಸ್ತೀನಿ. ರೂಮ್ ಕ್ಲೀನ್ ಇದೆ, ಬಿಸಿನೀರು ಹಂಡೆದು, ಬೆಳಿಗ್ಗೆ ಮಾತ್ರ. ಊಟ ಮನೆದೇ, ಕುಚ್ಚಲಕ್ಕಿ ಅನ್ನ, ತಂಬುಳಿ, ಅಪ್ಪೆಹುಳಿ, ಕೇಳಿದ್ರೆ ಮೀನು. ಅಪ್ಪೆಹುಳಿ ಕುಡಿಯೋಕೇ ಇನ್ನೊಂದ್ಸಲ ಹೋಗ್ಬಹುದು. ಆದ್ರೆ ಬೆಳಿಗ್ಗೆ ಐದೂವರೆಗೆ ಹೊರಡ್ಬೇಕು ಅಂತ ಹಿಂದಿನ ರಾತ್ರೀನೇ ಹೇಳಿರ್ತಾರೆ, ಆದ್ರೂ ಆ ಹೊತ್ತಿಗೆ ಟೀ ರೆಡಿ ಇರಲ್ಲ, ಖಾಲಿ ಹೊಟ್ಟೇಲಿ ಮೂರ್ನಾಲ್ಕು ಗಂಟೆ ಕೂರೋದು ಎಲ್ಲರಿಗೂ ಆಗೋ ಮಾತಲ್ಲ. ಒಂದು ಪ್ಯಾಕೆಟ್ ಬಿಸ್ಕೆಟ್ ಜೇಬಲ್ಲಿರಲಿ, ಆದ್ರೆ ಕವರ್ ಸದ್ದು ಮಾಡ್ಬೇಡಿ, ಗೈಡ್ ತಿರುಗಿ ಒಂದು ಲುಕ್ ಕೊಡ್ತಾರೆ, ಸಾಕಾಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ನಾವು ಹೋಗಿದ್ದು ಯುಗಾದಿ ರಜೆಗೆ. ದೊಡ್ಡ ಮಂಗಟ್ಟೆ, ಅಂದ್ರೆ ಗ್ರೇಟ್ ಹಾರ್ನ್‌ಬಿಲ್, ನಮ್ಮ ಘಟ್ಟದಲ್ಲಿ ಜನವರಿ ಫೆಬ್ರವರಿಲಿ ಗೂಡಿಗೆ ಕೂರುತ್ತೆ, ಮರಿ ಹೊರಗೆ ಬರೋ ಹೊತ್ತಿಗೆ ಏಪ್ರಿಲ್ ಮೇ ಆಗಿರುತ್ತೆ, ಹಾಗಾಗಿ ಮಾರ್ಚ್ ಕೊನೆ ಅಂದ್ರೆ ಸರಿಯಾದ ಟೈಮು. ಈ ಕಡೆ ನಾಲ್ಕು ಥರದ ಹಾರ್ನ್‌ಬಿಲ್ ಇವೆ, ಗ್ರೇಟ್, ಮಲಬಾರ್ ಪೈಡ್, ಮಲಬಾರ್ ಗ್ರೇ, ಇಂಡಿಯನ್ ಗ್ರೇ, ಅದಕ್ಕೇ 2011ರಲ್ಲಿ ಸರ್ಕಾರ ದಾಂಡೇಲಿಲಿ 52.50 ಚದರ ಕಿಲೋಮೀಟರ್ ಜಾಗಾನ ಹಾರ್ನ್‌ಬಿಲ್ ಕನ್ಸರ್ವೇಶನ್ ರಿಸರ್ವ್ ಅಂತ ಘೋಷಣೆ ಮಾಡಿದ್ದು. ಹೋಮ್‌ಸ್ಟೇಯವರ ಗೂಡಿನ ಮರ ಇರೋದು ಅವ್ರದ್ದೇ ಮಾಲ್ಕಿ ಜಮೀನಿನ ಅಂಚಲ್ಲಿ, ಅಡಿಕೆ ತೋಟ ಮುಗಿದು ಕಾಡು ಶುರುವಾಗೋ ಕಡೆ, ದೊಡ್ಡದೊಂದು ತಾರೆ ಮರ. ಮರೆ ಇರೋದು ಅಲ್ಲಿಂದ ಎಪ್ಪತ್ತೆಂಬತ್ತು ಮೀಟರ್ ಈಚೆಗೆ. ಹಸಿರು ನೆಟ್ಟು, ಅದ್ರ ಮೇಲೆ ಅಡಿಕೆ ಸೋಗೆ, ಒಳಗೆ ಒಂದು ಬೆಂಚು, ಬೆಂಚು ಮಾತ್ರ ಯಾರೋ ಸಣ್ಣ ಮಕ್ಕಳಿಗೆ ಮಾಡ್ಸಿದ್ದಿರ್ಬೇಕು. ಹೋಮ್‌ಸ್ಟೇಯವರ ಸ್ಪಾಟಿಂಗ್ ಸ್ಕೋಪ್, ಅಂದ್ರೆ ಸ್ಟ್ಯಾಂಡ್ ಮೇಲಿಡೋ ದುರ್ಬೀನು, ಒಂದಿದೆ, ಅದು ಚೆನ್ನಾಗಿದೆ, ಟ್ರೈಪಾಡ್‌ನ ಒಂದು ಕಾಲಿಗೆ ಮಾತ್ರ ಟೇಪ್ ಸುತ್ತಿದಾರೆ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಅಷ್ಟೊತ್ತು ಯಾಕೆ ಕೂರ್ಬೇಕು ಅಂತ ಅರ್ಥ ಆಗಲ್ಲ. ಈ ಹಕ್ಕಿ ಮರ ಕೊರೆಯಲ್ಲ. ಹಳೇ ದೊಡ್ಡ ಮರದಲ್ಲಿ ಕೊಂಬೆ ಮುರಿದು ಕೊಳೆತು ತಾನಾಗಿ ಆದ ಪೊಟರೆ ಹುಡುಕುತ್ತೆ, ಸರಿ ಹೋಯ್ತು ಅಂದ್ರೆ ವರ್ಷ ವರ್ಷ ಅದಕ್ಕೇ ಬರುತ್ತೆ. ಹೆಣ್ಣು ಒಳಗೆ ಹೋಗಿ ತನ್ನ ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಸೇರಿಸಿ ಬಾಗಿಲನ್ನ ಒಳಗಿಂದಾನೇ ಮೆತ್ತಿ ಮುಚ್ಕೊಳ್ಳುತ್ತೆ, ಕೊಕ್ಕಿನ ತುದಿ ಹೊರಗೆ ಬರೋಷ್ಟು ಒಂದು ಉದ್ದ ಸೀಳು ಮಾತ್ರ ಬಿಡುತ್ತೆ. ಆಮೇಲೆ ಒಂದೋ ಎರಡೋ ಮೊಟ್ಟೆ. ಕಾವು ಸುಮಾರು ನಲವತ್ತು ದಿನ. ಒಳಗಿದ್ದಾಗಲೇ ಹಾರೋ ಗರಿಗಳನ್ನ ಉದುರಿಸಿ ಹೊಸದು ಬೆಳೆಸ್ಕೊಳ್ಳುತ್ತೆ, ಅಂದ್ರೆ ಆ ಟೈಮಲ್ಲಿ ಹೊರಗೆ ಬಂದ್ರೂ ನೆಟ್ಟಗೆ ಹಾರೋಕಾಗಲ್ಲ. ಅಷ್ಟೂ ದಿನ ಹೊರಗಿಂದ ಊಟ ತಂದ್ಕೊಡೋದು ಗಂಡು ಒಂದೇ. ಅದನ್ನ ಯಾರಾದ್ರೂ ಹೊಡೆದ್ರು ಅಂದ್ಕೊಳ್ಳಿ, ಒಳಗಿರೋವೂ ಹೋದಂಗೇ ಲೆಕ್ಕ. ಮರಿ ಸ್ವಲ್ಪ ದೊಡ್ಡದಾದ್ಮೇಲೆ ತಾಯಿ ಬಾಗಿಲು ಒಡೆದು ಹೊರಗೆ ಬರುತ್ತೆ, ಮರಿ ಏನ್ ಮಾಡುತ್ತೆ ಗೊತ್ತಾ, ಒಳಗಿಂದ ಮತ್ತೆ ತಾನೇ ಮೆತ್ತಿ ಮುಚ್ಕೊಳ್ಳುತ್ತೆ, ಯಾರೂ ಹೇಳ್ಕೊಟ್ಟಿರಲ್ಲ. ಇದನ್ನ ಗೈಡ್ ಹೇಳ್ತಿದ್ದಾಗ ನಮ್ ಜೊತೆ ಇದ್ದ ಆಂಟಿ ಒಬ್ರು "ನಮ್ಮಮ್ಮನೂ ಬಾಣಂತನದಲ್ಲಿ ಹಿಂಗೇ ಕಿಟಕಿ ಎಲ್ಲ ಮುಚ್ಚಿ ಕೂರ್ಸಿದ್ರು, ಗಂಡನ್ನ ಮಾತ್ರ ಹಣ್ಣು ತರೋಕೆ ಕಳ್ಸಿದ್ದೆ ನೆನಪಿಲ್ಲ" ಅಂದ್ರು, ಗಂಡ ಪಾಪ ಸ್ಕೋಪೊಳಗೇ ನೋಡ್ತಾ ಕೂತ್ರು.

ಮೊದಲನೇ ಬೆಳಿಗ್ಗೆ ಏಳರ ತನಕ ಏನೂ ಇಲ್ಲ. ಕಾಜಾಣ ಕೂಗ್ತಿತ್ತು, ದೂರದಲ್ಲಿ ಮಲಬಾರ್ ಗ್ರೇ ಒಂದು ಕೇಕೆ ಹಾಕ್ತಿತ್ತು, ಅಷ್ಟೇ. ಆಮೇಲೆ ಗೈಡ್ ಬೆರಳೆತ್ತಿದ್ರು, ನಮಗಿನ್ನೂ ಏನೂ ಕೇಳ್ಸಿಲ್ಲ, ಅವ್ರು ಆಗ್ಲೇ ವಾಚ್ ನೋಡ್ಕೊಂಡ್ರು. ಒಂದೆರಡು ಸೆಕೆಂಡ್ ಬಿಟ್ಟು ಗುಸ್ ಗುಸ್ ಗುಸ್ ಅಂತ ರೆಕ್ಕೆ ಸದ್ದು, ಹಕ್ಕಿ ಕಾಣೋಕೆ ಮುಂಚೆನೇ ಸದ್ದು ಬರುತ್ತೆ, ಅಷ್ಟು ಜೋರು. ಬಂದಿದ್ದೇ ನೇರ ಗೂಡಿಗೆ ಹೋಗ್ಲಿಲ್ಲ, ಪಕ್ಕದ ಮರದಲ್ಲಿ ಕೂತು ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋಡ್ತು, ಸ್ಕೋಪಲ್ಲಿ ಕೆಂಪು ಕಣ್ಣು ಸ್ಪಷ್ಟ ಕಾಣ್ತಿತ್ತು. ಗಂಡಿಗೆ ಕೆಂಪು ಕಣ್ಣು, ಹೆಣ್ಣಿಗೆ ಬಿಳಿ. ಹಂಗೇ ತುಂಬಾ ಹೊತ್ತು ಕೂತಿತ್ತು. ನಾವು ಉಸಿರು ಬಿಗಿ ಹಿಡ್ದಿದ್ದೀವಿ. ಆಮೇಲೆ ಹಾರಿ ಬಂದು ಕಾಂಡಕ್ಕೆ ತಬ್ಬಿ ಹಿಡ್ಕೊಂಡು ಬಾಲ ಊರಿ ನಿಂತ್ಕೊಂಡು ಗಂಟಲನ್ನ ಒಂದ್ಸಲ ಕುಲುಕಿಸ್ತು, ಕೊಕ್ಕಿನ ತುದೀಲಿ ಒಂದು ಹಣ್ಣು ಬಂತು, ಸೀಳೊಳಗೆ ಕೊಡ್ತು. ಮತ್ತೆ ಕುಲುಕಿಸ್ತು, ಇನ್ನೊಂದು. ಅಷ್ಟು ದೊಡ್ಡ ಕೊಕ್ಕಲ್ಲಿ ಅಷ್ಟು ಸಣ್ಣ ಬಸರಿ ಹಣ್ಣನ್ನ ಒಂದೊಂದಾಗಿ ಬೀಳಿಸ್ದೇ ಕೊಡೋದು ನೋಡೋಕೇ ಮಜಾ. ಒಳಗಿಂದ ಹೆಣ್ಣಿನ ಕೊಕ್ಕಿನ ತುದಿ ಬಂದು ಬಂದು ಹೋಗ್ತಿತ್ತು. ಗೈಡ್ ಪಿಸುಮಾತಲ್ಲಿ ಎಣಿಸ್ತಿದ್ರು, ನಾನೂ ಎಣಿಸಿದೆ, ಇಬ್ಬರ ಲೆಕ್ಕಾನೂ ಬೇರೆ ಬೇರೆ ಬಂತು, "ಇಬ್ಬರದ್ದೂ ಬರೀರಿ" ಅಂದ್ರು.

ಈ ಗೈಡ್ ಬಗ್ಗೆನೇ ನಾನು ರಿವ್ಯೂ ಬರೀತಿರೋದು ಅಂದ್ರೂ ತಪ್ಪಿಲ್ಲ. ಜೋಯಿಡಾ ಕಡೆಯವ್ರು, ಕುಣಬಿ ಸಮುದಾಯದವ್ರು, ಕೊಂಕಣಿ ಬೆರೆತ ಕನ್ನಡ. ಮೊದ್ಲು ಯಾರೋ ಪಿಎಚ್‌ಡಿ ಮಾಡೋರ ಜೊತೆ ಫೀಲ್ಡ್ ಅಸಿಸ್ಟೆಂಟ್ ಆಗಿದ್ರಂತೆ, ಆ ಅಭ್ಯಾಸ ಹೋಗಿಲ್ಲ. ಲಾಂಗ್ ನೋಟ್‌ಬುಕ್ಕಲ್ಲಿ ಗೆರೆ ಎಳೆದು ಕಾಲಂ ಮಾಡಿದಾರೆ, ಬಂದ ಟೈಮು, ಹೋದ ಟೈಮು, ಯಾವ ಹಣ್ಣು, ಎಷ್ಟು, ಹುಳ ಹಲ್ಲಿ ಏನಾದ್ರೂ ಇತ್ತಾ, ಹೆಣ್ಣು ತಗೊಂತಾ ಇಲ್ವಾ. ಖಾಲಿ ಹೋದ ಗಂಟೆಗೆ ಸೊನ್ನೆ ಹಾಕ್ತಾರೆ. ನಾನು ಸುಮ್ನೆ ಸೊನ್ನೆ ಯಾಕೆ ಅಂತ ಕೇಳಿದ್ದಕ್ಕೆ ಅವ್ರು ಹೇಳಿದ್ದು ಕೇಳಿ, ಬರೀ ಬಂದಿದ್ದನ್ನೇ ಬರೆದ್ರೆ ಗಂಟೆಗೆ ಎಷ್ಟು ಸಲ ಬರುತ್ತೆ ಅನ್ನೋ ಲೆಕ್ಕ ಸುಳ್ಳಾಗುತ್ತೆ ಸರ್, ನಾವು ಎಷ್ಟೊತ್ತು ಕೂತಿದ್ವಿ ಅನ್ನೋದೂ ಲೆಕ್ಕಾನೇ. ಎಂಬತ್ತು ಸಾವಿರದ ಕ್ಯಾಮೆರಾ ಹಿಡ್ಕೊಂಡು ಓಡಾಡೋ ಎಷ್ಟು ಜನಕ್ಕೆ ಈ ಮಾತು ಗೊತ್ತಿದೆ ಹೇಳಿ.

ಇನ್ನೊಂದು ನನಗೆ ತುಂಬಾ ಹಿಡಿಸಿದ್ದು, ಗೂಡೊಳಗೆ ಏನಾಗ್ತಿದೆ ಅಂತ ಬಾಗಿಲು ಮುಟ್ಟದೇ ಹೆಂಗೆ ಕಂಡುಹಿಡೀತಾರೆ ಅನ್ನೋದು. ಮೊಟ್ಟೆ ಕಾಣಲ್ಲ, ಮರಿ ಕಾಣಲ್ಲ. ಆದ್ರೆ ಗಂಡು ತರೋ ಊಟ ಬದಲಾಗುತ್ತೆ, ಮೊದ್ಲು ಬರೀ ಹಣ್ಣು ತರ್ತಿದ್ದಿದ್ದು ಮರಿ ಬಂದ್ಮೇಲೆ ಹಲ್ಲಿ, ಓತಿಕ್ಯಾತ, ದೊಡ್ಡ ಹುಳ ಎಲ್ಲ ಜಾಸ್ತಿ ತರೋಕೆ ಶುರು ಮಾಡುತ್ತೆ, ನೋಟ್‌ಬುಕ್ಕಲ್ಲಿ ಆ ಕಾಲಂ ತುಂಬೋಕೆ ಶುರುವಾಯ್ತು ಅಂದ್ರೆ ಒಳಗೆ ಮರಿ ಇದೆ ಅಂತ ಅಂದಾಜು. ನಾವು ಹೋದಾಗ ಆ ಕಾಲಮಲ್ಲಿ ಅಲ್ಲೊಂದು ಇಲ್ಲೊಂದು ಗೀಟು ಬೀಳೋಕೆ ಶುರುವಾಗಿತ್ತು. ಮರದ ಬುಡದಲ್ಲೂ ಕೆಲಸ ಇದೆ. ಹೆಣ್ಣು ಸೀಳಿಂದ ಹಿಕ್ಕೆ ಹೊರಗೆ ಎಸೆಯುತ್ತೆ, ದೊಡ್ಡ ಬೀಜ ಎಲ್ಲ ಕೆಳಗೆ ಬೀಳುತ್ತೆ, ರಿಸರ್ಚ್‌ನೋರು ಅಲ್ಲಿ ನೆಟ್ ಕಟ್ಟಿ ಬೀಜ ಹಿಡಿದು ಯಾವ ಮರದ್ದು ಅಂತ ವಿಂಗಡಣೆ ಮಾಡ್ತಾರೆ. ಗಂಡು ಹೋಗಿ ಸುಮಾರು ಹೊತ್ತಾದ್ಮೇಲೆ ಗೈಡ್ ಒಬ್ರೇ ಬುಡಕ್ಕೆ ಹೋಗಿ ಬೇಗ ವಾಪಸ್ ಬಂದ್ರು, ಅಂಗೈಯಲ್ಲಿ ರಾಮಪತ್ರೆ ಬೀಜ, ಇನ್ನೂ ಒದ್ದೆ, ಮೇಲಿನ ಕೆಂಪು ಪತ್ರೆ ಪೂರ್ತಿ ಹೋಗಿ ಬೀಜ ಮಾತ್ರ ನುಣ್ಣಗೆ ಉಳಿದಿತ್ತು. ಬಸರಿ ಅತ್ತಿ ಥರದ್ರ ಬೀಜ ಸಾಸಿವೆಗಿಂತ ಸಣ್ಣದು, ನೆಟ್ಟಲ್ಲಿ ನೋಡಿ ಎಷ್ಟು ಹಣ್ಣು ತಿಂದಿದೆ ಅಂತ ಹೇಳೋಕೆ ಆಗಲ್ಲ, ಅದಕ್ಕೇ ಕಣ್ಣಲ್ಲಿ ಎಣಿಸೋದೂ ಬೇಕು ನೆಟ್ಟೂ ಬೇಕು. ಪೊಟರೆ ಅಳತೆ ತಗೊಳ್ಳೋದು ಮರಿ ಹಾರಿ ಹೋದ್ಮೇಲೆ, ಆಗ ಹಗ್ಗ ಹಾಕಿ ಹತ್ತಿ ಬಾಗಿಲು ಎಷ್ಟಗಲ, ಒಳಗೆ ಎಷ್ಟಾಳ, ನೆಲದಿಂದ ಎಷ್ಟೆತ್ತರ, ಮರದ ಸುತ್ತಳತೆ, ಎಲ್ಲ ಬರ್ಕೊಳ್ತಾರೆ, ಸುತ್ತಮುತ್ತ ಗೂಡಿಲ್ಲದ ಮರಗಳದ್ದೂ ಅಳೀತಾರೆ, ಎರಡನ್ನೂ ಹೋಲಿಸಿದ್ರೆ ತಾನೇ ಹಕ್ಕಿ ಏನು ನೋಡಿ ಆರಿಸ್ಕೊಳ್ಳುತ್ತೆ ಅಂತ ಗೊತ್ತಾಗೋದು.

ಹೊಸ ಗೂಡು ಹುಡುಕೋದು ಹೆಂಗೆ ಅಂತ ಕೇಳ್ದೆ. ಡಿಸೆಂಬರ್ ಜನವರಿಲಿ ಜೋಡಿ ಪೊಟರೆ ಪೊಟರೆಗೆ ಇಣುಕ್ತಾ ಓಡಾಡೋದನ್ನ ನೋಡ್ಬೇಕಂತೆ, ಆಮೇಲೆ ಒಂಟಿ ಗಂಡು ಗಂಟಲು ಉಬ್ಬಿಸ್ಕೊಂಡು ಒಂದೇ ದಿಕ್ಕಿಗೆ ಹಾರ್ತಿದ್ರೆ ಆ ದಾರಿ ಹಿಡಿಬೇಕು, ಕಾಂಡದ ಮೇಲೆ ಬಿಳೀ ಹಿಕ್ಕೆ ಇಳಿದಿದ್ಯಾ, ಬುಡದಲ್ಲಿ ಬೇರೆ ಮರದ ಸಸಿ ಗುಂಪಾಗಿ ಎದ್ದಿದ್ಯಾ ನೋಡ್ಬೇಕು, ಎಲ್ಲಕ್ಕಿಂತ ಮುಖ್ಯ ಜೇನು ಕೀಳೋಕೆ ಹೋಗೋ ಹಳೇ ಜನಾನ ಕೇಳ್ಬೇಕು.

ಸಂಜೆ ಊಟಕ್ಕೆ ಮುಂಚೆ ಒಂದು ಗಂಟೆ ಸ್ಲೈಡ್ ಶೋ ಇರುತ್ತೆ, ಓನರ್ ಮಗಳು ಮಾಡ್ತಾರೆ, ಪ್ರೊಜೆಕ್ಟರ್ ಬಣ್ಣ ಪೂರ್ತಿ ಹಳದಿ, ಆದ್ರೆ ವಿಷಯ ಚೆನ್ನಾಗಿತ್ತು. ಥಾಯ್ಲೆಂಡಲ್ಲಿ ಪಿಲಾಯ್ ಪೂನ್‌ಸ್ವಾಡ್ ಅಂತ ಮೇಡಂ, 1978ರಲ್ಲಿ ಖಾವೊ ಯಾಯ್ ಕಾಡಲ್ಲಿ ಹಾರ್ನ್‌ಬಿಲ್ ಗೂಡು ನೋಡೋಕೆ ಶುರು ಮಾಡಿದ್ರಂತೆ. ಅಲ್ಲಿ ಗೊತ್ತಾಗಿದ್ದು ಏನಂದ್ರೆ ಪೊಟರೆ ಒಳಗಿನ ನೆಲ ವರ್ಷ ಕಳೆದಂಗೆ ಕುಸಿಯುತ್ತೆ, ಹೆಣ್ಣಿನ ಕೊಕ್ಕು ಬಾಗಿಲಿಗೆ ಎಟುಕಲ್ಲ, ಅಂಥ ಗೂಡನ್ನ ಹಕ್ಕಿ ಬಿಟ್ಬಿಡುತ್ತೆ, ಅದಕ್ಕೆ ಇವ್ರು ಒಳಗೆ ಮಣ್ಣು ತುಂಬಿ ನೆಲ ಎತ್ತರಿಸಿ ಕೊಡ್ತಾರೆ. ಪೊಟರೆ ರಿಪೇರಿ! ಅರುಣಾಚಲದ ಪಕ್ಕೆ ಹುಲಿ ಕಾಡಿನ ಕಥೆನೂ ಇತ್ತು, ಅಲ್ಲಿ ಹಾರ್ನ್‌ಬಿಲ್ ರಿಸರ್ಚ್ ಮಾಡೋ ಅಪರಾಜಿತಾ ದತ್ತ ಅವರೂ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರೂ ಫಾರೆಸ್ಟ್ ಡಿಪಾರ್ಟ್‌ಮೆಂಟ್ ಮತ್ತೆ ಅಲ್ಲಿನ ನಿಶಿ ಬುಡಕಟ್ಟಿನ ಹಳ್ಳಿಯವರ ಜೊತೆ ಸೇರಿ ಗೂಡು ದತ್ತು ತಗೊಳ್ಳೋ ಕಾರ್ಯಕ್ರಮ ಮಾಡಿದಾರೆ, ಊರಿನವರೇ ಗೂಡು ಕಾಯ್ತಾರೆ, ಅವ್ರಲ್ಲಿ ಎಷ್ಟೋ ಜನ ಹಿಂದೆ ಬೇಟೆ ಆಡ್ತಿದ್ದೋರೇ. ನಿಶಿ ಗಂಡಸರ ಟೋಪಿ ಮೇಲೆ ಹಾರ್ನ್‌ಬಿಲ್ ಕೊಕ್ಕು ಇರೋದು ಸಂಪ್ರದಾಯ, ಈಗ ಫೈಬರ್‌ಗ್ಲಾಸ್ ಕೊಕ್ಕು ಹಾಕ್ತಾರೆ.

ಸ್ಲೈಡ್ ಶೋಲಿ ನಮ್ಮ ಮಲೆನಾಡಿನ ಕಾಳಿಂಗ ಸರ್ಪನೂ ಬಂತು, ಅದು ಹಕ್ಕಿ ಅಲ್ಲ, ಆದ್ರೂ ಗೂಡಿನ ವಿಷಯ ಅಂದ್ಮೇಲೆ ಅದನ್ನ ಬಿಡೋಕಾಗಲ್ಲ. ಹಾವುಗಳಲ್ಲಿ ತರಗೆಲೆ ಒಟ್ಟುಹಾಕಿ ಗೂಡು ಕಟ್ಟೋದು ಅದೊಂದೇ, ಕೈಯಿಲ್ಲ ಕಾಲಿಲ್ಲ, ಮೈಯನ್ನೇ ಸುತ್ತಿ ಎಳ್ಕೊಂಡು ಎಳ್ಕೊಂಡು ಗುಡ್ಡೆ ಮಾಡುತ್ತೆ, ಮಳೆನೀರು ಮೇಲಿಂದ ಜಾರಿ ಹೋಗುತ್ತೆ, ಮೊಟ್ಟೆ ಒದ್ದೆ ಆಗಲ್ಲ. ಆಗುಂಬೆಲಿ ಹಾವಿನ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ರಿಸರ್ಚ್ ಸ್ಟೇಷನ್ ಇದೆಯಲ್ಲ, ಅಲ್ಲಿ ಹಾವಿನ ಮೈಯೊಳಗೆ ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂದೆ ಹಿಂದೆ ನಡೆದು ಸ್ಟಡಿ ಮಾಡಿದಾರೆ. ಮರಿ ಒಡೆಯೋಕೆ ಮುಂಚೆನೇ ತಾಯಿ ಗೂಡು ಬಿಟ್ಟು ಹೋಗಿರುತ್ತೆ. ಈ ಭಾಗ ಇನ್ನೂ ಸ್ವಲ್ಪ ಇದ್ದಿದ್ರೆ ಚೆನ್ನಾಗಿತ್ತು, ಆದ್ರೆ ಕರೆಂಟ್ ಹೋಯ್ತು.

ಈಗ ಎರಡು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂತ ಹೇಳ್ತೀನಿ. ಎರಡನೇ ಬೆಳಿಗ್ಗೆ ನಮ್ ಜೊತೆ ಹೊಸದಾಗಿ ಇಬ್ರು ಸೇರಿದ್ರು, ದೊಡ್ಡ ದೊಡ್ಡ ಲೆನ್ಸು, ಮೈಯೆಲ್ಲ ಮಿಲಿಟರಿ ಪ್ರಿಂಟು. ಬಂದು ಹತ್ತು ನಿಮಿಷಕ್ಕೆ ಶುರು, ಬಾಗಿಲಿಗೆ ಅಡ್ಡ ಒಂದು ಕೊಂಬೆ ಬರ್ತಿದೆ, ಅದನ್ನ ಕಡಿಸಿ, ಬೇಕಾದ್ರೆ ಎಕ್ಸ್‌ಟ್ರಾ ಕೊಡ್ತೀವಿ ಅಂತ. ಗೈಡ್ ಆಗಲ್ಲ ಅಂದ್ರು. ಹಂಗಾದ್ರೆ ಮರೆ ಮುಂದಕ್ಕೆ ಹಾಕಿ ಅಂದ್ರು. ಅದೂ ಆಗಲ್ಲ ಅಂದ್ರು, ಜಗಳ ಗಟ್ಟಿ ಆಯ್ತು, ಆ ಹೊತ್ತಿಗೇ ಗಂಡು ಬಂದು ಪಕ್ಕದ ಮರದಲ್ಲಿ ಕೂತಿತ್ತು, ನಾನು ಸ್ಕೋಪಲ್ಲಿ ನೋಡ್ತಾನೇ ಇದ್ದೀನಿ, ಗಂಟಲು ತುಂಬ ಹಣ್ಣಿದೆ, ಕೊಡದೇ ಎದ್ದು ಹೋಗ್ಬಿಡ್ತು. ವಾಪಸ್ ಬಂದಿದ್ದು ಒಂದು ಗಂಟೆ ಮೇಲಾದ್ಮೇಲೆ. ಆ ಎಲೆ ಕೊಂಬೆ ಇರೋದ್ರಿಂದ ತಾನೇ ಗೂಡು ಬೇರೆ ಪ್ರಾಣಿ ಕಣ್ಣಿಗೆ ಬೀಳ್ದೇ ಇರೋದು, ಅದನ್ನ ಕಡಿದ್ರೆ ನಿಮ್ ಲೆನ್ಸಿಗೆ ಕಂಡಂಗೆ ಹದ್ದಿಗೂ ಕಾಣುತ್ತೆ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ, 1972ರ ವನ್ಯಜೀವಿ ಕಾಯ್ದೆಲಿ ಬೇಟೆ ಅನ್ನೋದಕ್ಕೆ ಕೊಟ್ಟಿರೋ ಅರ್ಥದಲ್ಲೇ ಕಾಡುಹಕ್ಕಿಯ ಮೊಟ್ಟೆ ಗೂಡಿಗೆ ತೊಂದರೆ ಕೊಡೋದೂ ಸೇರಿದೆ, ಗ್ರೇಟ್ ಹಾರ್ನ್‌ಬಿಲ್ ಇರೋದು ಒಂದನೇ ಶೆಡ್ಯೂಲಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಲಿ.

ನಂಗೆ ಬೇಜಾರಾಗಿದ್ದು ಆ ಇಬ್ರ ಮೇಲೆ ಅಷ್ಟಲ್ಲ. ಮಧ್ಯಾಹ್ನ ಓನರ್ ಬಂದು ಅವ್ರಿಗೆ ಸಾರಿ ಕೇಳಿ, ನಾಳೆ ಏನಾದ್ರೂ ಅಡ್ಜಸ್ಟ್ ಮಾಡೋಣ ಸರ್ ಅಂದ್ರು, ಗೈಡ್ ಎದುರಿಗೇ! ಗೈಡ್ ಏನೂ ಮಾತಾಡ್ಲಿಲ್ಲ, ನೋಟ್‌ಬುಕ್ ಎತ್ಕೊಂಡು ಎದ್ದು ಹೋದ್ರು. ಮಾರನೇ ದಿನ ಏನೂ ಅಡ್ಜಸ್ಟ್ ಆಗ್ಲಿಲ್ಲ, ಅದು ಗೈಡ್ ಹಠದಿಂದ, ಓನರ್‌ದೇನಿಲ್ಲ. ಓನರ್ ಇದನ್ನ ಓದಿದ್ರೆ ಕೈ ಮುಗಿದು ಕೇಳ್ತೀನಿ, ಬುಕಿಂಗ್ ಪೇಜಲ್ಲೇ ದಪ್ಪ ಅಕ್ಷರದಲ್ಲಿ ಹಾಕ್ಬಿಡಿ, ಗೂಡಿನ ಹತ್ರ ಹೋಗೋಕೆ ಬಿಡಲ್ಲ, ಡ್ರೋನ್ ಇಲ್ಲ, ಫ್ಲಾಶ್ ಇಲ್ಲ, ಮೂರ್ನಾಲ್ಕು ಗಂಟೆ ಕೂರ್ಬೇಕು, ಹಕ್ಕಿ ಬರ್ದೇನೂ ಇರ್ಬಹುದು ಅಂತ. ನಾಲ್ಕು ಗಿರಾಕಿ ಕಮ್ಮಿ ಆಗ್ತಾರೆ, ಆಗ್ಲಿ ಬಿಡಿ, ಬರೋರು ಸರಿಯಾದೋರು ಬರ್ತಾರೆ. ಮತ್ತೆ ಲೊಕೇಶನ್ ಪಿನ್ ಹಾಕಿರೋ ಫೋಟೋಗಳನ್ನ ನಿಮ್ಮ ಪೇಜಿಂದ ತೆಗೀರಿ, ನಾನು ಈ ರಿವ್ಯೂಗೆ ಫೋಟೋ ಹಾಕದೇ ಇರೋದೂ ಅದಕ್ಕೇನೇ, ಮರದ ಹಿಂದಿನ ಗುಡ್ಡ ನೋಡಿದ್ರೆ ಊರಿನವ್ರು ಯಾರಾದ್ರೂ ಜಾಗ ಹೇಳ್ಬಿಡ್ತಾರೆ.

ಹೋಗೋರಿಗೆ ಇನ್ನೊಂದಿಷ್ಟು. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಹೋಗಿ, ಜೂನ್ ಆದ್ಮೇಲೆ ಗೂಡು ಖಾಲಿ, ಆಗ ಬುಕ್ ಮಾಡಿಸ್ಕೊಂಡ್ರೆ ಮೋಸ ಹೋದ್ರಿ ಅಂತಾನೇ ಅರ್ಥ. ಕೆಂಪು, ಬಿಳಿ, ಹಳದಿ ಬಟ್ಟೆ ಬೇಡ, ಸೆಂಟ್ ಬೇಡ. ಬೇಸಿಗೆಲಿ ಉಣುಗಿನ ಕಾಟ ಇದೆ, ಪ್ಯಾಂಟನ್ನ ಸಾಕ್ಸೊಳಗೆ ತುರುಕ್ಕೊಳ್ಳಿ, ಮಂಗನ ಕಾಯಿಲೆ ಹರಡೋದು ಅದ್ರಿಂದಾನೇ, ಗೈಡ್ ಹತ್ರ ಉಣುಗು ಹತ್ತದಂಗೆ ಹಚ್ಕೊಳ್ಳೋ ಡೀಪಾ ಎಣ್ಣೆ ಇರುತ್ತೆ, ನಾಚ್ಕೊಳ್ದೇ ಕೇಳಿ ಹಚ್ಕೊಳ್ಳಿ. ಐದಾರು ವರ್ಷದೊಳಗಿನ ಮಕ್ಕಳನ್ನ ನೆಸ್ಟ್ ವಾಚ್‌ಗೆ ಕರ್ಕೊಂಡು ಹೋಗ್ಬೇಡಿ, ಮಕ್ಕಳಿಗೂ ಹಿಂಸೆ ಹಕ್ಕಿಗೂ ಹಿಂಸೆ, ಹೋಮ್‌ಸ್ಟೇ ಪಕ್ಕದಲ್ಲೇ ಹಳ್ಳ ಇದೆ, ಅಲ್ಲಿ ಆಟಕ್ಕೆ ಬಿಡಿ. ರೇಟು ಒಬ್ಬರಿಗೆ ದಿನಕ್ಕೆ ಮೂರು ಸಾವಿರದ ಚಿಲ್ಲರೆ, ಊಟ ತಿಂಡಿ ಸೇರಿ, ದಾಂಡೇಲಿ ರಿಸಾರ್ಟ್ ರೇಟಿಗೆ ಹೋಲಿಸಿದ್ರೆ ಜಾಸ್ತಿ ಅನ್ನೋಕಾಗಲ್ಲ. ಗೈಡ್ ಚಾರ್ಜ್ ಅದ್ರಲ್ಲೇ ಸೇರಿದೆ ಅಂತಾರೆ, ಅವ್ರ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿದ್ರೆ ಓನರ್ ಮಾತು ತೇಲಿಸಿದ್ರು, ಹಾಗಾಗಿ ಹೋದೋರು ಏನಾದ್ರೂ ನೇರ ಅವ್ರಿಗೇ ಕೊಡಿ. ಕ್ಯಾಶ್ ತಗೊಂಡೇ ಹೋಗಿ, ಅಲ್ಲಿ ನೆಟ್‌ವರ್ಕ್ ಇಲ್ಲ, ಫೋನ್‌ಪೇ ನಡೆಯಲ್ಲ, ಎಟಿಎಂ ಬೇಕು ಅಂದ್ರೆ ದಾಂಡೇಲಿಗೇ ವಾಪಸ್ ಬರ್ಬೇಕು.